ಬೂದಿ ಬುಧವಾರದ ಹಿಂದಿನ ಮಧ್ಯಾಹ್ನ

ಯಾರಾದರೂ ಬಂದು ದೇವರು ಕೂಗಿದ, ದೆವ್ವ ಕೂಗಿತು ಅಂದರೆ, ಕಿವೀಲಿ ಗುಗ್ಗೆ ತುಂಬಿರಬೇಕು ತೆಗೆಸ್ಕೋ ಅನ್ನುತ್ತಿದ್ದವಳು ನಾನು. ಈಗಲೂ ಅಂಥ ಮಾತು ನಂಬಲ್ಲ. ಆದರೆ ಒಂದು ಸಲ ನನಗೇ ಆದದ್ದನ್ನು ಸುಳ್ಳು ಅನ್ನೋಕೆ ಆಗಲ್ಲ. ಆದದ್ದು ಆದ ಹಾಗೆ ಬರೆಯುತ್ತೇನೆ, ನಂಬೋದು ಬಿಡೋದು ನಿಮಗೆ ಸೇರಿದ್ದು.

ಯುದ್ಧದ ಕಾಲ, ಸೀಮೆಎಣ್ಣೆಗೆ ಪರದಾಡುತ್ತಿದ್ದೆವು. ಮಳವಳ್ಳಿ ಪಕ್ಕದ ನಮ್ಮೂರಲ್ಲಿ ಕ್ರೈಸ್ತರದು ಹನ್ನೆರಡೇ ಮನೆ. ಒಂದು ನಮ್ಮದು, ಎದುರಿಗೆ ನನ್ನ ಮೈದುನನದು. ಅವನ ಹೆಂಡತಿ ಲೂರ್ದಮ್ಮ. ಮನೆ ಪಾಲಾದಾಗ ಎತ್ತು, ನೇಗಿಲು, ಪಾತ್ರೆ ಎಲ್ಲ ತಕರಾರಿಲ್ಲದೆ ಹಂಚಿಕೊಂಡೆವು. ಜಗಳ ಬಂದದ್ದು ಒಂದು ತೆಂಗಿನ ಗರಿಗೆ. ಗರಿಗಳ ಭಾನುವಾರ ಗುಡೀಲಿ ಮಂತ್ರಿಸಿ ಮನೆಗೊಂದು ಕೊಡೋ ಗರಿಯನ್ನು ವರ್ಷವೆಲ್ಲ ಮನೇಲಿಟ್ಟು, ಮುಂದಿನ ನಲವತ್ತು ದಿನದ ತಪಸ್ಸುಕಾಲ ಶುರುವಾಗೋ ಹಿಂದಿನ ದಿನ ಗುಡಿಗೆ ಒಪ್ಪಿಸಬೇಕು. ಅದನ್ನು ಸುಟ್ಟ ಬೂದಿಯನ್ನೇ ಬುಧವಾರ ಹಣೆಗೆ ಹಚ್ಚೋದು. ಮೆರವಣಿಗೇಲಿ ಹಿಡಿದವಳು ನಾನು ಅಂತ ಅವಳು, ಹಿರಿಸೊಸೆ ನಾನು ಅಂತ ನಾನು. ಗರಿ ನನ್ನ ಹತ್ತಿರವೇ ಇತ್ತು, ಕೊಡಲಿಲ್ಲ. ಹತ್ತು ತಿಂಗಳು ಮಾತು ಬಿಟ್ಟೆವು.

ಬೂದಿ ಬುಧವಾರದ ಹಿಂದಿನ ಸೋಮವಾರ ಪಾದ್ರಿ ಸ್ವಾಮಿಗಳು ಎತ್ತಿನ ಗಾಡೀಲಿ ಬಂದರು. ಪಾಪನಿವೇದನೆಗೆ ಹೋದೆ. ಜಗಳದ ವಿಷಯ ಕೇಳಿ ಕ್ಷಮೆ ಕೊಡಲೇ ಇಲ್ಲ. ಮೊದಲು ಅವಳ ಕೂಡ ಮಾತಾಡು, ಇಲ್ಲದಿದ್ದರೆ ಬೂದಿ ಹಚ್ಚಿಸಿಕೊಳ್ಳೋಕೂ ಬರಬೇಡ ಅಂದರು. ಹನ್ನೆರಡು ಮನೆಯವರ ಮುಂದೆ ಬರೀ ಹಣೇಲಿ ನಿಲ್ಲಬೇಕು, ತಪಸ್ಸುಕಾಲ ಮುಗಿದು ಬರೋ ಪಾಸ್ಕ ಹಬ್ಬಕ್ಕೂ ಪ್ರಸಾದವಿಲ್ಲ. ಅದಕ್ಕೇ ಹೊಟ್ಟೆ ಉರಿದದ್ದು, ದೇವರ ಭಯಕ್ಕಲ್ಲ. ಆದರೂ ಅವಳ ಬಾಗಿಲಿಗೆ ನಾನಾಗಿ ಹೋಗಲ್ಲ ಅಂತ ಕೂತೆ.

ಮಂಗಳವಾರ ಮಧ್ಯಾಹ್ನ. ಇನ್ನು ನಲವತ್ತು ದಿನ ಬಾಡಿಲ್ಲ ಅಂತ ಬಾಡಿನ ಮಡಕೆ ಉಜ್ಜಿ ಅಟ್ಟಕ್ಕಿಡುತ್ತಿದ್ದೆ. ಲೂರ್ದಮ್ಮ ಕೂಗಿದಳು. ಅವಳದೇ ಒಡಕು ದನಿ, ನನ್ನ ಬಾಗಿಲ ಹತ್ತಿರವೇ.

"ಅಕ್ಕೋ, ಗರಿ ತಕ್ಕೊಂಡು ಬಾ, ಇಬ್ರೂ ಓಗಾನ."

ಸೋತಳು ಅಂತ ನನಗಾದ ಹಿಗ್ಗು ಅಷ್ಟಿಷ್ಟಲ್ಲ. ದೇವರ ಪಟದ ಹಿಂದಿಂದ ಗರಿ ಎಳೆದುಕೊಂಡು ಆಚೆಗೆ ಬಂದರೆ ಬಾಗಿಲಲ್ಲಿ ಯಾರೂ ಇಲ್ಲ. ಅವಳು ಅವಳ ಮನೆಯಿಂದ ಓಡಿ ಬರುತ್ತಿದ್ದಾಳೆ, ಮೊಣಕೈವರೆಗೆ ರಾಗಿಹಿಟ್ಟು. ನಡುವಿನ ಹೊಂಗೆಮರದಡಿ ಎದುರಾದೆವು. ಅವಳ ಮುಖದಲ್ಲೂ ಗೆದ್ದ ಕಳೆ.

"ಬಂದೆ ಕಣಕ್ಕ, ಅದ್ಯಾಕಂಗೆ ಕಿರುಚ್ತೀಯ?"

"ನಾನೆಲ್ಲಿ ಕೂಗ್ದೆ? ಕೂಗಿದ್ದು ನೀನು."

"ನಿನ್ನ ಕೂಗಕ್ಕೆ ನಂಗೇನ್ ಗ್ರಾಚಾರ? ಗರಿ ತತ್ತೀನಿ, ಬಾರೇ ಅಂದೋಳು ನೀನಲ್ವಾ?"

ಆ ಮರದಡೀಲೇ ಮಳವಳ್ಳಿಯ ಕಲಾಯಿ ಸಾಬರು ಬೆಳಗ್ಗೆಯಿಂದ ಪಾತ್ರೆಗೆ ಕಲಾಯಿ ಹಾಕುತ್ತ ಕೂತಿದ್ದರು. ಅವರನ್ನೇ ಕೇಳಿದೆವು.

"ಯಾರೂ ಕೂಗ್ಲಿಲ್ಲ ಕಣ್ರಮ್ಮ. ಇಬ್ರೂ ಒಂದೇ ಸಲ ಓಡ್ ಬಂದ್ರಿ, ಆವು ಗೀವು ಬಂತೇನೋ ಅಂತ ನಾನೇ ಎದ್ದು ನಿಂತ್ಕಂಡೆ."

ಮೊದಲು ನಕ್ಕವಳು ಲೂರ್ದಮ್ಮ. ಆಮೇಲೆ ನನಗೂ ತಡೆಯಲಾಗಲಿಲ್ಲ, ಮಣ್ಣಲ್ಲೇ ಕುಕ್ಕರಿಸಿ ಕೂತು ನಕ್ಕೆ. ಹತ್ತು ತಿಂಗಳ ನಗು ಅದು. ಹಿಟ್ಟಿನ ಕೈಯಲ್ಲೇ ಅವಳು ಗರಿಯ ಒಂದು ತುದಿ ಹಿಡಿದಳು, ಇನ್ನೊಂದು ತುದಿ ನಾನು. ಹಾಗೇ ಗುಡಿಗೆ ಹೋಗಿ ಒಪ್ಪಿಸಿದೆವು. ಸ್ವಾಮಿಗಳು ಏನೂ ಕೇಳದೆ ನನಗೆ ಕ್ಷಮೆ ಕೊಟ್ಟರು.

ಬುಧವಾರ ಬೂದಿ ಹಚ್ಚುತ್ತ, ಮಣ್ಣಿಂದ ಬಂದೆ ಮಣ್ಣಿಗೇ ಹೋಗುತ್ತೀಯೆ ಅಂತ ಅವರು ಹೇಳುವಾಗ ಲೂರ್ದಮ್ಮ ನನ್ನ ಪಕ್ಕೆಗೆ ತಿವಿದು, "ಮಣ್ಣಾಗಕ್ಕೆ ಮುಂಚೆ ಒಪ್ಕೊಂಡ್ಬುಡು, ಕೂಗಿದ್ದು ನೀನೇಯ" ಅಂದಳು. ನನಗೆ ಕಿಸಕ್ಕನೆ ನಗು ಬಂತು. ಸ್ವಾಮಿಗಳು ಕಣ್ಣು ಕೆಕ್ಕರಿಸಿದರು.

ಈಗ ಇಬ್ಬರಿಗೂ ಹಲ್ಲಿಲ್ಲ. ಅವಳು ಇನ್ನೂ ಒಪ್ಪಿಲ್ಲ. ಅವಳು ಸುಳ್ಳುಗಾತಿ ಆಗಿದ್ದರೆ ನಾನು ಇದನ್ನು ಎಂದೋ ಮರೆತುಬಿಡುತ್ತಿದ್ದೆ. ಜಗಳಗಂಟಿ ಹೌದು, ಆದರೆ ಅವಳ ಬಾಯಲ್ಲಿ ಸುಳ್ಳು ಬಂದದ್ದನ್ನು ನಾನು ಕಂಡಿಲ್ಲ. ನಾನಂತೂ ಕೂಗಲಿಲ್ಲ.