ಲ್ಯಾಕರ್ ಹಲಗೆಯ ಮೇಲಿನ ಅಣೆಕಟ್ಟು

ಅಮೆರಿಕದ ಸೀಕಾಕಸ್‌ನ ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಮನೆಯಲ್ಲಿ ವಯಸ್ಸಾದ ಚೀನೀ ಹೆಂಗಸೊಬ್ಬರು ಒಂಟಿಯಾಗಿ ಇದ್ದಾರೆ. ಹೋದ ಬೇಸಿಗೆಯಲ್ಲಿ ಅಪ್ಪ ಮೈಸೂರಿನಿಂದ ಬಂದಿದ್ದಾಗ ಒಂದು ಭಾನುವಾರ ಆಕೆ ನಮ್ಮಿಬ್ಬರನ್ನೂ ಟೀಗೆ ಕರೆದರು.

ಅವರ ಸೋಫಾದ ಮೇಲ್ಗಡೆ ಗೋಡೆಯಲ್ಲಿ ಅಗಲವಾದ ಲ್ಯಾಕರ್ ಚಿತ್ರವೊಂದಿತ್ತು. ಮರದ ರಸದಿಂದ ಮಾಡಿದ ಮೆರುಗೆಣ್ಣೆಯನ್ನು ಹಲಗೆಯ ಮೇಲೆ ಪದರ ಪದರವಾಗಿ ಬಳಿದು, ಒಣಗಿಸಿ, ಉಜ್ಜಿ ಮಾಡುವ ಚಿತ್ರ ಅದು. ಸಾಮಾನ್ಯವಾಗಿ ಅಂಥವುಗಳಲ್ಲಿ ಕೊಕ್ಕರೆ, ಬಿದಿರು ಇರುತ್ತವೆ. ಇದರಲ್ಲಿ ಇದ್ದದ್ದು ಕಟ್ಟುತ್ತಿರುವ ಅಣೆಕಟ್ಟು: ಚಿನ್ನದ ಬಣ್ಣದ ಕ್ರೇನುಗಳು, ಕೆಂಪು ಬಾವುಟಗಳು, ಮೊಟ್ಟೆಚಿಪ್ಪಿನ ಚೂರು ಕೂಡಿಸಿ ಮಾಡಿದ ಬಿಳಿ ಕಾಂಕ್ರೀಟ್ ಗೋಡೆ, ಅದರ ಹಿಂದೆ ಕಪ್ಪಗೆ ಹೊಳೆಯುವ ನೀರು.

ಅಪ್ಪ ಅಣೆಕಟ್ಟುಗಳನ್ನು ಕಟ್ಟಿಸಿಯೇ ರಿಟೈರ್ ಆದ ಎಂಜಿನಿಯರ್. ಇಲ್ಲಿಗೆ ಬಂದಾಗಿನಿಂದ ಮಂಕಾಗಿದ್ದವರಿಗೆ ಚಿತ್ರ ನೋಡಿ ಜೀವ ಬಂತು. ಟೀ ಕಪ್ಪು ಹಿಡಿದೇ ಎದ್ದು ಹೋಗಿ, ಅಣೆಕಟ್ಟಿನ ಗೇಟುಗಳನ್ನು ಬೆರಳಿಟ್ಟು ತೋರಿಸುತ್ತ, ತಮ್ಮ ಕಾಲದ ಕತೆಯೆಲ್ಲ ಇಂಗ್ಲಿಷಿನಲ್ಲಿ ಹೇಳತೊಡಗಿದರು. ಮುಳುಗಡೆಯಾಗಲಿದ್ದರೂ ಜಗ್ಗದ ಹಳ್ಳಿಗಳನ್ನು ಮಳೆಗಾಲಕ್ಕೆ ಮುಂಚೆ ಹೇಗೆ ಖಾಲಿ ಮಾಡಿಸಿದೆವು ಎಂಬುದನ್ನೂ ಹೇಳಿ ನಕ್ಕರು. ನಾನೂ ಜೊತೆಗೆ ನಕ್ಕೆ. ಅಪ್ಪ ಖುಷಿಯಾಗಿದ್ದಾರಲ್ಲ ಎನ್ನುವುದಷ್ಟೇ ಆಗ ನನ್ನ ತಲೆಯಲ್ಲಿದ್ದದ್ದು.

ಅಪ್ಪ ಮುಗಿಸುವವರೆಗೆ ಆಕೆ ಕೇಳಿಸಿಕೊಂಡರು. ಆಮೇಲೆ, "ಆ ನೀರು ನನ್ನ ಅಣ್ಣನ ಕೈಕೆಲಸ. ಅವನು ಲ್ಯಾಕರ್ ಕಾರ್ಖಾನೆಯಲ್ಲಿದ್ದ. ನಮ್ಮ ಊರು ಆ ನೀರಿನ ಅಡಿಯಲ್ಲಿದೆ" ಎಂದರು.

ಅಪ್ಪ ನನ್ನ ಕಡೆ ತಿರುಗಿ, ಕನ್ನಡ ಆಕೆಗೆ ಗೊತ್ತಾಗುವುದಿಲ್ಲವೆಂಬ ಧೈರ್ಯದಲ್ಲಿ, "ಎಲ್ಲಾ ಕಡೆ ಇದೇ ರಾಗ ಕಣಮ್ಮ. ಕಾಂಪೆನ್ಸೇಷನ್ ಇಸ್ಕೊಂಡೇ ಇರ್ತಾರೆ" ಎಂದರು.

ಏನಂದರು ಎಂದು ಆಕೆ ನನ್ನನ್ನು ಕೇಳಿದರು. ನಿಮ್ಮ ಊರಿನ ವಿಷಯ ಕೇಳಿ ಅವರಿಗೆ ಬೇಜಾರಾಯಿತಂತೆ ಎಂದೆ.

"ಕಾಂಪೆನ್ಸೇಷನ್," ಎಂದರು ಆಕೆ, ನಿಧಾನವಾಗಿ. "ಆ ಮಾತು ನನಗೆ ಗೊತ್ತು."

ಅಪ್ಪನ ಮಾತು ಸಿಕ್ಕಿಬಿದ್ದಿತ್ತು, ನನ್ನ ಸುಳ್ಳೂ ಸಿಕ್ಕಿಬಿದ್ದಿತ್ತು; ಅಪ್ಪನಿಗೆ ಎರಡೂ ತಿಳಿದಿತ್ತು. ಆಕೆ ಮಾತ್ರ ಎದ್ದು ಅಪ್ಪನ ಕಪ್ಪಿಗೆ ಇನ್ನಷ್ಟು ಟೀ ಬಗ್ಗಿಸಿದರು. ಅದನ್ನು ಮುಗಿಸದೆ ಏಳುವಂತಿರಲಿಲ್ಲ. ಅಷ್ಟು ಬಿಸಿ ಟೀಯನ್ನು ಅಪ್ಪ ಗಟಗಟನೆ ಕುಡಿದರು.

ಮನೆಗೆ ಬಂದ ಮೇಲೆ ಆ ವಿಷಯವನ್ನು ನಾವಿಬ್ಬರೂ ಎತ್ತಲಿಲ್ಲ. ಕೆಂಡಲ್ ಪಾರ್ಕ್ ಎಂಬ ಊರಿನ ಸ್ನೇಹಿತರ ಮನೆಯಲ್ಲಿ ಊಟಕ್ಕೆ ಕೂತಾಗ ಯಾರೋ, ಅಂಕಲ್ ನೀವು ಡ್ಯಾಮ್ ಕಟ್ಟಿದವರಂತೆ ಎಂದು ಮಾತಿಗೆಳೆದರೆ, ಅಪ್ಪ ಹೌದು ಎಂದಷ್ಟೇ ಹೇಳಿ ತಟ್ಟೆ ನೋಡಿಕೊಂಡು ಕೂತರು. ನನಗೋ, ಲಿಫ್ಟಿನಲ್ಲಿ ಆಕೆ ಸಿಕ್ಕಾಗೆಲ್ಲ ಫೋನಿನಲ್ಲಿ ಏನೋ ಕೆಲಸ ಬರುತ್ತಿತ್ತು.

ಊರಿಗೆ ಹೊರಡುವ ಹಿಂದಿನ ದಿನ ಅಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಪಕ್ಕದ ಮನೆಗೆ ಹೊರಟರು. ಜೊತೆಗೆ ಬರಲೇ ಎಂದರೆ ಬೇಡ ಎಂದರು. ಸ್ವಲ್ಪ ಹೊತ್ತಿಗೇ ವಾಪಸ್ಸು ಬಂದು, "ಮನೇಲಿಲ್ಲ ಅನ್ಸತ್ತೆ" ಎಂದು ಚಪ್ಪಲಿ ಬಿಟ್ಟರು. ಗೋಡೆಯಾಚೆ ಆಕೆಯ ಟೀವಿಯ ಸದ್ದು ನಮ್ಮಿಬ್ಬರಿಗೂ ಕೇಳುತ್ತಿತ್ತು. ಬಾಗಿಲು ತಟ್ಟಿದಿರಾ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.