ಪುಸ್ತಕದಲ್ಲಿಲ್ಲದ ಪ್ರೋಟೀನು

ಹುಮನಾಬಾದಿನ ಕಾಲೇಜಿನಲ್ಲಿ ನಮಗೆ ಜೀವಶಾಸ್ತ್ರ ಕಲಿಸುತ್ತಿದ್ದ ಮಾಸ್ತರರು ಯಾವ ಪ್ರಶ್ನೆ ಕೇಳಿದರೂ ಪುಸ್ತಕ ತಟ್ಟಿ, "ಇದರಾಗ ಇಲ್ಲಂದ್ರ ಇಲ್ಲ" ಎನ್ನುತ್ತಿದ್ದರು. ಸ್ನಾಯುಗಳಲ್ಲಿ ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ಎಂಬ ಪ್ರೋಟೀನು ಕೆಲವು ಕ್ಯಾನ್ಸರ್ ಕೋಶಗಳಲ್ಲೂ ಸಿಗುತ್ತದಂತೆ ಎಂದು ನಾನು ಒಮ್ಮೆ ಹೇಳಿದ್ದಕ್ಕೆ ನನ್ನನ್ನು ತರಗತಿಯಿಂದ ಹೊರಗೆ ಹಾಕಿದರು.

ಹೋದ ವರ್ಷ ಅವರ ಹೆಂಡತಿಗೆ ಸ್ತನ ಕ್ಯಾನ್ಸರ್ ಆಯಿತು. ಅಷ್ಟರಲ್ಲಿ ಪ್ರಯೋಗಾಲಯವೊಂದರ ಕೆಲಸಕ್ಕೆ ಸೇರಿದ್ದ ನಾನು, ಆಪರೇಷನ್ ಆದ ಮೇಲೆ ಆಕೆಯನ್ನು ನೋಡಲು ಅವರ ಬಸವಕಲ್ಯಾಣದ ಮನೆಗೆ ಹೋದೆ.

"ಅವತ್ತ ಕ್ಲಾಸಿನ್ಯಾಗ ನೀ ಹೇಳಿದ್ದ ಆ ಪ್ರೋಟೀನ್ ಗಡ್ಡ್ಯಾಗ ಏನ್ ಮಾಡ್ತದಪಾ?" ಮಾಸ್ತರರು ಮೆಲ್ಲಗೆ ಕೇಳಿದರು.

"ಗಡ್ಡಿಗಿ ಸಹಾಯ ಮಾಡ್ತದೋ, ಅಡ್ಡ ಬರ್ತದೋ, ಇನ್ನೂ ಪೂರಾ ಗೊತ್ತಾಗಿಲ್ರಿ ಸರ್."

ಅವರು ಹೆಂಡತಿಯತ್ತ ತಿರುಗಿ ಹೆಮ್ಮೆಯಿಂದ, "ಕೇಳಿದೇನು? ಇದೆಲ್ಲಾ ಇವಗ ನಾನೇ ಕಲಿಸಿದ್ದು" ಎಂದರು.

ಆಕೆ ಹೊಲಿಗೆಯ ಮೇಲೆ ಕೈ ಒತ್ತಿ ಹಿಡಿದು, ನೋವಾದರೂ ನಕ್ಕೇ ನಕ್ಕರು.