ಮಾಚನ ಪಾಲಿನ ತಲೆ

ಹನಗೋಡಿನ ದೊಡ್ಡತಾಯಮ್ಮನ ಬಾಯಿ ಬಲು ಜೋರು. ಗಂಡ ಕಂಠಪ್ಪನೇ ಅವಳೆದುರು ದನಿ ಎತ್ತುವುದಿಲ್ಲ. ಕುರಿಗಳ ಹತ್ತಿರ ಮಾತ್ರ ಬೆಣ್ಣೆ. ರಾಗಿ ಹೊಲ ಗಂಡನದು, ಕುರಿ ತನ್ನದು ಎಂದು ಮದುವೆಯಾದ ವರ್ಷವೇ ಇತ್ಯರ್ಥ ಮಾಡಿಕೊಂಡವಳು. ಮೊಮ್ಮಕ್ಕಳ ಹೆಸರು ಒಂದಕ್ಕೊಂದು ಅದಲುಬದಲಾದರೂ ಕುರಿಗಳ ಹೆಸರು ತಪ್ಪುವುದಿಲ್ಲ.

ಆ ಮನೆಯಲ್ಲಿ ಒಂದು ವಾಡಿಕೆ. ಚೆನ್ನಾಗಿರುವ ಕುರಿ ಕೊಯ್ದರೆ ತಲೆ ಒಲೆಗೆ, ಸುತ್ತು ರೋಗ ಬಂದ ಕುರಿ ಕೊಯ್ದರೆ ತಲೆ ಮಾಚನಿಗೆ. ಮಾಚ ಅವರ ನಾಯಿ. ಕಾಡಿನಿಂದ ಬಂದ ಚಿರತೆಯ ಮೇಲೆ ಬಿದ್ದು, ಒಂದು ಕಿವಿ ಕಳೆದುಕೊಂಡು ಕುರಿಗಳನ್ನು ಉಳಿಸಿದವನು. "ಕಾವ್ಲು ಕಾಯೋನ್ಗೆ ಅವನ್ ಪಾಲು ಕೊಡ್ಬೇಕು ಕಣ" ಎಂದು ದೊಡ್ಡತಾಯಮ್ಮನೇ ಬುರುಡೆ ಒಡೆದು, ಒಳಗಿನದು ಸಲೀಸಾಗಿ ಸಿಗುವಂತೆ ಅವನ ಮುಂದಿಡುತ್ತಿದ್ದಳು. ಅವನು ನೆಕ್ಕಿ ಮುಗಿಸುವವರೆಗೂ ಪಕ್ಕದಲ್ಲೇ ಕೂತು ಬೆನ್ನು ಸವರುತ್ತಿದ್ದಳು.

ಆ ರೋಗವೋ, ಯಾರಿಗೂ ಬಗೆಹರಿಯದ್ದು. ಚೆನ್ನಾಗಿ ಮೇಯುತ್ತಿದ್ದ ಕುರಿ ತಲೆ ಓರೆ ಮಾಡಿಕೊಂಡು ಒಂದೇ ಕಡೆಗೆ ಸುತ್ತತೊಡಗುತ್ತದೆ. ಮೇವು ಬಿಡುತ್ತದೆ. ಗೋಡೆಗೆ ಹಣೆ ಒತ್ತಿಕೊಂಡು ನಿಲ್ಲುತ್ತದೆ. ದೊಡ್ಡತಾಯಮ್ಮ ತಾಯಿತ ಕಟ್ಟಿಸಿದಳು, ಬರೆ ಹಾಕಿಸಿದಳು, ಬೇವಿನ ಹೊಗೆ ಹಾಕಿದಳು. ಯಾವ ದೇವರೂ ಕಿವಿಗೊಡಲಿಲ್ಲ.

ಈ ವರ್ಷ ಕೆಂಪಿಯ ಸರದಿ ಬಂತು. ತಬ್ಬಲಿ ಮರಿಯಾಗಿದ್ದಾಗ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ ಕುರಿ ಅದು. ಈಗ ಅದಕ್ಕೇ ಒಂದು ಹೆಣ್ಣುಮರಿ. ತಾಯಿ ಸುತ್ತಿದಂತೆ ಮರಿಯೂ ಕೆಚ್ಚಲು ಹುಡುಕುತ್ತ ಅದರ ಹಿಂದೆಯೇ ಸುತ್ತುತ್ತಿತ್ತು. ನೋಡಲಾಗದೆ ದೊಡ್ಡತಾಯಮ್ಮ ಪಶು ಆಸ್ಪತ್ರೆಯ ಡಾಕ್ಟರ್ ರಮ್ಯಾರನ್ನು ಕರೆಸಿದಳು.

ಡಾಕ್ಟರು ಕೆಂಪಿಯ ತಲೆಯನ್ನು ಬೆರಳಿನಿಂದ ಒತ್ತಿ ನೋಡಿದರು. ಒಂದು ಕಡೆ ಮೂಳೆ ಮೆತ್ತಗಾಗಿತ್ತು.

"ಮೆದುಳಲ್ಲಿ ನೀರುಗುಳ್ಳೆ ಬೆಳೆದಿದೆಯಮ್ಮ. ಆಪರೇಷನ್ ಮಾಡೋ ಹಂತ ದಾಟಿದೆ. ಹಿಂದೆ ಹಿಂಗಾದ ಕುರಿಗಳ ತಲೆ ಏನ್ಮಾಡಿದ್ರಿ?"

"ನಾವ್ ತಿನ್ನಕಿಲ್ಲ ಕಣವ್ವ. ಮಾಚಂಗೆ ಆಕ್ತೀನಿ," ಎಂದಳು, ತನ್ನ ಎಚ್ಚರಿಕೆಯನ್ನು ಮೆಚ್ಚಲಿ ಎನ್ನುವಂತೆ.

ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ಆ ಗುಳ್ಳೆಯಲ್ಲಿರುವುದು ಹುಳದ ಮರಿಗಳು. ಅದನ್ನು ತಿಂದ ನಾಯಿಯ ಹೊಟ್ಟೆಯಲ್ಲಿ ಲಾಡಿಹುಳ ಬೆಳೆಯುತ್ತದೆ. ಹುಳದ ಮೊಟ್ಟೆ ನಾಯಿಯ ಹೇಲಿನ ಜೊತೆ ಹುಲ್ಲಿಗೆ ಬೀಳುತ್ತದೆ. ಆ ಹುಲ್ಲು ಮೇಯ್ದ ಕುರಿಯ ಮೆದುಳಿನಲ್ಲಿ ಮತ್ತೆ ಗುಳ್ಳೆ.

"ಅಂಗಾರೆ, ನಾನೇ ಕೈಯಾರ ತಿನ್ಸಿ ಬೆಳಸ್ದಂಗಾಯ್ತಾ?"

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ದೊಡ್ಡತಾಯಮ್ಮನೂ ತಿರುಗಿ ನಾಲ್ಕು ಮಾತಾಡಿ ಹಗುರಾಗುತ್ತಿದ್ದಳು.

"ಈ ಮರಿಯೊಂದ್ನ ಉಳ್ಸಿಕೊಡಿ ತಾಯಿ."

"ನಾಯಿಗೆ ಮೂರು ತಿಂಗಳಿಗೊಂದ್ಸಲ ಹುಳದ ಮಾತ್ರೆ ಹಾಕಿ. ತಲೆ ಸುಟ್ಟುಬಿಡಿ. ಆದ್ರೆ ಮರಿ ಆಗ್ಲೇ ಅಂಥ ಹುಲ್ಲಿಗೆ ಬಾಯಿ ಹಾಕಿದ್ರೆ, ನಾನೂ ಏನೂ ಮಾಡಕ್ಕಾಗಲ್ಲಮ್ಮ."

ವಾರದೊಳಗೆ ಕೆಂಪಿ ಸತ್ತಿತು. ದೊಡ್ಡತಾಯಮ್ಮ ಸೌದೆ ಒಟ್ಟಿ ತಲೆ ಸುಟ್ಟಳು. ಮಾಚ ತನ್ನ ಪಾಲಿಗಾಗಿ ಬಾಲ ಅಲ್ಲಾಡಿಸುತ್ತ ಬೆಂಕಿಯ ಪಕ್ಕ ಕೂತಿದ್ದ. ಅವನ ಮುಖ ನೋಡಲು ಅವಳಿಗೆ ಆಗಲಿಲ್ಲ. ಬೆಲ್ಲದಲ್ಲಿ ಮಾತ್ರೆ ಅದುಮಿ ಕೊಟ್ಟಳು, ಅವನು ನಂಬಿ ನುಂಗಿದ.

ಅಷ್ಟಕ್ಕೆ ಮುಗಿಯಿತೇ? ಹೊಳೆದಂಡೆಯ ಹುಲ್ಲಿನಲ್ಲಿ ಊರ ನಾಯಿಗಳೆಲ್ಲ ಓಡಾಡುತ್ತವೆ. ದೊಡ್ಡತಾಯಮ್ಮ ಮಾತ್ರೆ ಹಿಡಿದು ಪಕ್ಕದ ಮನೆಯ ಮಹದೇವಪ್ಪನ ಬಾಗಿಲಿಗೂ ಹೋದಳು.

"ನಾಯ್ಗೆ ಮಾತ್ರೆನಾ? ನನ್ ಬೀಪಿ ಮಾತ್ರೆನೇ ನಂಗೆ ಗೆಪ್ತಿ ಇರಕಿಲ್ಲ, ಓಗಕ್ಕ!" ಎಂದು ಅವನು ನಕ್ಕ. ಊರೆಲ್ಲ ಹೆದರುವ ಬಾಯಿಯವಳು ಮಾತ್ರೆಯನ್ನು ಸೆರಗಿಗೆ ಗಂಟು ಹಾಕಿಕೊಂಡು ಮನೆಗೆ ತಿರುಗಿದಳು. ನಾಯಿಗೆ ಅಂಥ ತಲೆ ಹಾಕುವುದನ್ನು ಅವನಿಗೂ ಕಲಿಸಿದವಳೇ ತಾನು, ಯಾವ ಮುಖ ಹೊತ್ತು ಜಗಳವಾಡುವುದು?

ಅಂದಿನಿಂದ ಮರಿ ಹಿತ್ತಲು ದಾಟಲಿಲ್ಲ. ದೊಡ್ಡತಾಯಮ್ಮ ಹಲಸಿನ ಸೊಪ್ಪು ತಂದು, ತೊಳೆದು, ಎತ್ತರಕ್ಕೆ ಕಟ್ಟಿ ತಿನ್ನಿಸಿದಳು. ತಾನು ಉಣ್ಣುವ ಮೊದಲು ತೊಳೆಯದ ಕೈಯನ್ನು ಮರಿಯನ್ನು ಮುಟ್ಟುವ ಮೊದಲು ತೊಳೆದಳು. "ನಿನ್ಗೆ ತಲೆ ಕೆಟ್ಟದೆ ಕಣಮ್ಮಿ" ಎಂದು ಕಂಠಪ್ಪ ರೇಗಿಸಿದರೂ ಹಲಸಿನ ಕೊಂಬೆ ಕಡಿದು ತರುವವನು ಅವನೇ. ಮರಿ ದುಂಡಗೆ ಬೆಳೆಯಿತು. ಇಬ್ಬರಿಗೂ ಧೈರ್ಯ ಬಂತು.

ರಾಗಿ ಕೊಯ್ಲಿನ ಹೊತ್ತಿಗೆ ಒಂದು ಬೆಳಗ್ಗೆ ಸೊಪ್ಪು ಹಿಡಿದು ಕರೆದಾಗ, ಮರಿ ನೇರವಾಗಿ ಬರಲಿಲ್ಲ. ಎಡಕ್ಕೆ ವಾಲಿ ಒರಳುಕಲ್ಲಿಗೆ ಹಾಯಿತು. ಮತ್ತೆ ಕರೆದಳು. ಮತ್ತೆ ಎಡಕ್ಕೇ ತಿರುಗಿತು.

ದೊಡ್ಡತಾಯಮ್ಮ ಸೊಪ್ಪು ಬಿಟ್ಟು ಓಡಿ, ಎರಡೂ ಕೈಯಲ್ಲಿ ಅದರ ತಲೆ ಹಿಡಿದಳು.

"ನೆಟ್ಗೆ ನಡಿ ನನ್ನವ್ವ. ಹಿಂಗೆ, ನೆಟ್ಗೆ."

ತಲೆ ಹಿಡಿದುಕೊಂಡಿದ್ದರೆ ಮರಿ ನೆಟ್ಟಗೇ ನಡೆಯುತ್ತಿತ್ತು. ಹಿತ್ತಲ ಈ ತುದಿಯಿಂದ ಆ ತುದಿಗೆ, ಅಲ್ಲಿಂದ ಇಲ್ಲಿಗೆ, ಅವಳು ಬಗ್ಗಿಕೊಂಡೇ ನಡೆಸಿದಳು. ಮಾಚ ಪಕ್ಕದಲ್ಲೇ ಹೆಜ್ಜೆ ಹಾಕಿದ. ಕಂಠಪ್ಪ ಬಾಗಿಲಲ್ಲಿ ನಿಂತು, "ಬುಡಮ್ಮಿ, ಸಾಕು ಬುಡು" ಎಂದ. ಅವಳು ಕೈ ಬಿಡಲಿಲ್ಲ.